ಗಂಗಮ್ಮನವರ ಹಿತ್ತಲ ಬಾಗಿಲು

ಗಂಗಮ್ಮನವರು ಯಾವ ವಸ್ತುವನ್ನೇ ಆಗಲಿ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ತೆಂಗಿನಕಾಯಿಯನ್ನಾದರೆ ತಿಪಟೂರಿನಲ್ಲಿ ಎಲ್ಲರೂ ಹಾಗೆ ನೋಡುತ್ತಾರೆ. ಅಟ್ಟದ ಮೇಲೆ ವರ್ಷದ ಹತ್ತಿರ ಕೂತ ಕಾಯಿಯೊಳಗೆ ನೀರಿನ ಸದ್ದು ಅಡಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಒಡೆಯಬಹುದು. ಇವರು ಟಾನಿಕ್ಕಿನ ಬಾಟಲಿ, ಕೈಗಡಿಯಾರ, ಅಂಚೆಯ ಪಾರ್ಸೆಲ್ಲು ಎಲ್ಲಕ್ಕೂ ಅದೇ ಪರೀಕ್ಷೆ ಮಾಡುತ್ತಿದ್ದರು. ನಾನು ಬೆಂಗಳೂರಿನಿಂದ ತಂದ ರೌಟರನ್ನೂ ಅಲ್ಲಾಡಿಸಿ, "ಏನೂ ಸದ್ದಿಲ್ವಲ್ಲಪ್ಪ. ಒಳಗೆ ಏನಾರ ಐತೋ, ಬರೀ ಚಿಪ್ಪೋ?" ಎಂದರು. ಹಾಗೆಂದರೆಂದು ನನ್ನ ನೆನಪು. ಆ ದಿನದ ಡೈರಿಯಲ್ಲಿ "ರೌಟರ್ ಬಂತು" ಎಂದಷ್ಟೇ ಇದೆ. ನನ್ನ ನೆನಪು ಡೈರಿಗಿಂತ ಚೆನ್ನಾಗಿ ಬರೆಯುತ್ತದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ಅವರು ನನ್ನ ಮನೆಯೊಡತಿ; ಅವರ ಮನೆಯದೇ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಗಂಡ ಹೋದ ಮೇಲೆ ಕೊಬ್ಬರಿ ವ್ಯಾಪಾರವನ್ನು ತಾವೇ ನಡೆಸುತ್ತಿದ್ದರು. ಒಮ್ಮೆ ಮಂಡಿಯ ದಲ್ಲಾಳಿಯೊಬ್ಬ ಅಟ್ಟ ನೋಡದೆಯೇ ಕಾಯಿ ಹಸಿ ಎಂದಾಗ, "ಮೊದ್ಲು ನಿನ್ ತಲೆ ಅಲ್ಲಾಡ್ಸ್ಲಾ, ಸದ್ದು ಬತ್ತದೇನೋ ನೋಡಣ" ಎಂದಿದ್ದರು. ಮನುಷ್ಯರಿಗೂ ಅವರ ಅಳತೆ ಅದೇ. ನನ್ನ ಬಗ್ಗೆ ಪಕ್ಕದ ಮನೆಯವರಿಗೆ ಹೇಳಿದ್ದನ್ನು ಕಿಟಕಿಯಿಂದ ಕೇಳಿಸಿಕೊಂಡಿದ್ದೇನೆ: "ಮೇಷ್ಟ್ರು ಒಳ್ಳೇರೇ ಕಣೇ. ಇನ್ನೂ ನೀರೈತೆ, ಅಷ್ಟೇ."

ಆಗ ನಾನು ಚಿಕ್ಕನಾಯಕನಹಳ್ಳಿಯ ಕಾಲೇಜೊಂದರಲ್ಲಿ ಗುತ್ತಿಗೆಯ ಮೇಷ್ಟ್ರು. ದಿನಾ ಓಡಾಡಲು ಬಸ್ಸಿನ ಹೊತ್ತು ಹೊಂದುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಅಲ್ಲಿನ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ತಿಪಟೂರಿಗೆ ಮರಳುತ್ತಿದ್ದೆ. ಪಿಎಚ್.ಡಿ. ಪ್ರಬಂಧಕ್ಕೆ ವಿಶ್ವವಿದ್ಯಾನಿಲಯ ಕೊನೆಯ ಗಡುವು ಕೊಟ್ಟಿತ್ತು. ದೀಪಾವಳಿಯೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದು. ಪದವಿಯಿಲ್ಲದೆ ಕೆಲಸ ಕಾಯಂ ಆಗುವಂತಿರಲಿಲ್ಲ. ಪ್ರಬಂಧಕ್ಕೆ ಬೇಕಾದ ಲೇಖನಗಳು ದೂರದ ಒಂದು ಗ್ರಂಥಾಲಯದ ಗಣಕದಲ್ಲಿದ್ದವು. ಆ ಗಣಕ ಮಹಾಶಯ ನಾನು ನೋಂದಾಯಿಸಿದ್ದ ತಿಪಟೂರಿನ ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಬಿಟ್ಟು ಇನ್ನಾವುದಕ್ಕೂ ಬಾಗಿಲು ತೆರೆಯುತ್ತಿರಲಿಲ್ಲ. ಆದ್ದರಿಂದ ವಿಪಿಎನ್ ರೌಟರ್. ಚಿಕ್ಕನಾಯಕನಹಳ್ಳಿಯಲ್ಲಿ ಕೂತು, ಡೇಟಾ ಕಾರ್ಡಿನ ಮೂಲಕ ಮೊದಲು ತಿಪಟೂರಿನ ಮನೆಯೊಳಗೆ ಹೊಕ್ಕು, ಮನೆಯವನಂತೆಯೇ ಅಲ್ಲಿಂದ ಹೊರಗೆ ಹೋಗುವುದು.

ಟೆಲಿಫೋನ್ ಲೈನು ಗಂಗಮ್ಮನವರ ನಡುಮನೆಯಲ್ಲಿದ್ದುದರಿಂದ ರೌಟರೂ ಅಲ್ಲೇ ಕೂರಬೇಕಾಯಿತು. ಅದೇನೆಂದು ಕೇಳಿದರು. ಜನಸಾಮಾನ್ಯರಿಗೆ ತಿಳಿಯುವಂತೆ ವಿವರಿಸುವ ಕಲೆ ನನಗಿದೆ ಎಂದು ನಂಬಿದ್ದ ಕಾಲ ಅದು. "ನಾನು ಅಲ್ಲಿದ್ದರೂ ಯಾರಿಗೂ ಕಾಣದಂತೆ ಈ ಮನೆಯೊಳಗೆ ಬಂದುಹೋಗಬಹುದಮ್ಮ. ಒಂದು ಹಿತ್ತಲ ಬಾಗಿಲು ಅಂದುಕೊಳ್ಳಿ" ಎಂದೆ. ಅವರು ರೌಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಹಂಗೋ" ಎಂದರು.

ಮೊದಲ ವಾರದಿಂದಲೇ ತೊಂದರೆ. ಕಾಲೇಜು ಮುಗಿಸಿ ಕೋಣೆಗೆ ಬಂದು ಕೂರುವಷ್ಟರಲ್ಲಿ ಸಂಜೆ. ಹೊತ್ತು ಮುಳುಗುತ್ತಿದ್ದಂತೆ ಸಂಪರ್ಕ ಕಡಿದುಹೋಗುತ್ತಿತ್ತು, ರಾತ್ರಿಯಿಡೀ ಬರುತ್ತಿರಲಿಲ್ಲ. ಶನಿವಾರ ಮನೆಗೆ ಹೋಗಿ ನೋಡಿದರೆ ಎಲ್ಲ ಸರಿ. ನಾನು ಸಂಶೋಧಕನಲ್ಲವೇ, ಸಿದ್ಧಾಂತಗಳನ್ನು ಕಟ್ಟಿದೆ. ಸಂಜೆ ಊರಿನವರೆಲ್ಲ ಮೋಟಾರು ಹಾಕುವುದರಿಂದ ವೋಲ್ಟೇಜು ಬೀಳುತ್ತದೆ ಎಂಬುದು ಮೊದಲನೆಯದು. ಅದಕ್ಕೊಂದು ಸ್ಟೆಬಿಲೈಸರ್ ತಂದೆ. ತಂತಿ ಬಿಸಿಲಿಗೆ ಹಿಗ್ಗಿ ಸಂಜೆಗೆ ಕುಗ್ಗುತ್ತದೆ ಎಂಬುದು ಎರಡನೆಯದು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಡೈರಿಯಲ್ಲಿ ಚಿತ್ರಸಮೇತ ಇದೆ. ಮಧ್ಯಾಹ್ನ ಕಾಲೇಜಿನಿಂದ ಫೋನು ಮಾಡಿ, "ಹಸಿರು ದೀಪ ಉರೀತಿದೆಯಾ ಅಮ್ಮ?" ಎಂದು ಕೇಳುತ್ತಿದ್ದೆ. "ಉರೀತೈತೆ ಕಣಪ್ಪ, ಬೇವಿನ ಚಿಗುರಿದ್ದಂಗೆ" ಎನ್ನುತ್ತಿದ್ದರು. ಒಮ್ಮೆ ಮಾತ್ರ ಸಂಜೆ ಮಾಡಿದೆ. "ದೀಪದ ಹೊತ್ತು ಕಣಪ್ಪ, ಆಮೇಲ್ ಮಾಡು" ಎಂದು ಇಟ್ಟುಬಿಟ್ಟರು.

ಗಡುವು ಹತ್ತಿರವಾದಾಗ ಒಂದು ಬುಧವಾರ ಅರ್ಧ ದಿನ ರಜೆ ಹಾಕಿ, ಹೇಳದೆ ಕೇಳದೆ ತಿಪಟೂರಿನ ಬಸ್ಸು ಹತ್ತಿದೆ. ಮನೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಗಂಗಮ್ಮನವರು ಮುಖ ತೊಳೆದು, ಕಡ್ಡಿಪೆಟ್ಟಿಗೆ ಹಿಡಿದು, ಮುಂಬಾಗಿಲಲ್ಲಿ ನಿಂತ ನನ್ನನ್ನು ಗಮನಿಸದೆ ಹಿತ್ತಲ ಕಡೆಗೆ ನಡೆದರು. ಬಾಗಿಲು ಮುಚ್ಚಿ ಅಗುಳಿ ಹಾಕಿದರು. ವಾಪಸು ಬರುತ್ತ ನಡುಮನೆಯಲ್ಲಿ ನಿಂತು ರೌಟರಿನ ಸ್ವಿಚ್ಚನ್ನು ಟಕ್ಕನೆ ಆರಿಸಿದರು. ಆಮೇಲೆ ದೇವರ ಮುಂದೆ ದೀಪ ಹಚ್ಚಿದರು.

"ಅಮ್ಮಾ! ಏನು ಮಾಡ್ತಿದ್ದೀರಿ?"

"ಅಯ್ಯೋ, ಯಾವಾಗ್ ಬಂದ್ಯಪ್ಪ? ದೀಪ ಹಚ್ಚೋ ಹೊತ್ನಲ್ಲಿ ಹಿತ್ಲು ಬಾಗ್ಲು ತೆಗ್ದಿರ್ತಾರಾ? ಮುಂದ್ಲಿಂದ ಬಂದ ಲಕ್ಷ್ಮಿ ಹಿಂದ್ಲಿಂದ ಹೋಗ್ಬುಡ್ತಾಳೆ."

"ಅದು ಬಾಗಿಲಲ್ಲ, ರೌಟರು."

"ನೀನೇ ಅಲ್ವೇನಪ್ಪ ಹೇಳಿದ್ದು? ಯಾರ್ಗೂ ಕಾಣ್ದಂಗೆ ಬಂದೋಗೋ ಬಾಗ್ಲು ಅಂತ. ಅಂಥದ್ನ ರಾತ್ರಿಯೆಲ್ಲ ತೆಗ್ದಿಟ್ಟು ನಾನೆಂಗ್ ಮಲಗ್ಲಿ? ಬೆಳಿಗ್ಗೆ ಹಿತ್ಲು ಬಾಗ್ಲು ಜೊತೇಲೇ ತೆಗೀತೀನಲ್ಲ."

"ಶನಿವಾರ ಭಾನುವಾರ ಆರಿಸಲ್ವಲ್ಲ?"

"ಅವತ್ತು ನೀನು ಒಳಗೇ ಇರ್ತೀಯ. ಇನ್ಯಾರ್ ಬರ್ಬೇಕು?"

ನನ್ನ ಪ್ರಬಂಧದ ವಿಷಯವನ್ನು ಇದುವರೆಗೆ ಹೇಳದೆ ಉಳಿಸಿಕೊಂಡಿದ್ದೆ, ಮರ್ಯಾದೆಯ ಪ್ರಶ್ನೆ. ಅದು ಹಳೇ ಮೈಸೂರು ಸೀಮೆಯ ಮನೆವಾರ್ತೆಯ ನಂಬಿಕೆಗಳ ಕುರಿತದ್ದು.

ಸಿಟ್ಟು ಬಂತು. ದೀಪಾವಳಿ, ಗಡುವು, ಹೋಗಲಿರುವ ಕೆಲಸ ಎಲ್ಲವನ್ನೂ ಹೇಳಿದೆ. ಅವರು ಜಗಲಿಯ ಮೇಲೆ ಕೂತು ಪೂರ್ತಿ ಕೇಳಿದರು. "ಇದ್ನ ಮೊದ್ಲೇ ಹೇಳೋಕೇನಾಗಿತ್ತು? ಬಾಗ್ಲು ತೆಗ್ದಿರ್ಲೇಬೇಕು ಅಂದ್ರೆ ಬಾಗ್ಲಲ್ಲಿ ಒಬ್ರು ಕೂತಿರ್ಬೇಕು, ಅಷ್ಟೇಯ. ನಾನ್ ಕೂತ್ಕತೀನಿ. ನೀನ್ ಬಂದು ಕೆಲ್ಸ ಮುಗ್ಸ್ಕಂಡು ಹೊರಕ್ಕೆ ಹೋದ್ಮೇಲೆ ಫೋನ್ ಮಾಡು, ಮುಚ್ತೀನಿ."

ಮಾರನೆಯ ದಿನದಿಂದ ಹಾಗೇ ನಡೆಯಿತು. ದೀಪ ಹಚ್ಚಿ ಅವರು ರೌಟರಿನ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರು. ನಾನು ಮೂವತ್ತು ಕಿಲೋಮೀಟರ್ ಆಚೆಯಿಂದ ಅವರನ್ನು ದಾಟಿಕೊಂಡು ಮನೆಯೊಳಗೆ ಹೋಗುತ್ತಿದ್ದೆ. ಮುಗಿದ ಮೇಲೆ ಫೋನು.

"ಹೊರಕ್ ಬಂದ್ಯಾ?"

"ಬಂದೆ ಅಮ್ಮ."

"ಹಂಗಾರೆ ಮುಚ್ತೀನಿ."

ಒಮ್ಮೆ ಮರೆತು ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದಾಗ ಅವರದೇ ಫೋನು ಬಂತು. "ಏನ್ ಮೇಷ್ಟ್ರೇ, ಒಳಗೇ ಇದ್ದೀರೋ? ಸಾರಿಗೆ ಒಗ್ಗರಣೆ ಹಾಕ್ಬೇಕು ಕಣಪ್ಪ, ಎದ್ದೋಗಂಗಿಲ್ಲ ಬುಡಂಗಿಲ್ಲ!" ನಾನು ಯಾವ ಮನೆಯೊಳಗೂ ಇಲ್ಲ ಎಂದು ಪ್ರಮಾಣ ಮಾಡಬೇಕಾಯಿತು.

ಅಷ್ಟೂ ಸಂಜೆ ಅವರು ನಿಜವಾಗಿಯೂ ಕೂತಿದ್ದರೇ, ಅಥವಾ ನಡುನಡುವೆ ಎದ್ದು ಧಾರಾವಾಹಿ ನೋಡುತ್ತಿದ್ದರೇ, ನಾನು ಕಂಡವನಲ್ಲ. ಡೈರಿಯ ಪುಟಗಳಲ್ಲಿ ಪ್ರತಿದಿನ ಒಂದೇ ಸಾಲು: "ಸಂಪರ್ಕ ಚೆನ್ನಾಗಿತ್ತು." ಸ್ಟೆಬಿಲೈಸರಿನಿಂದಲೇ ಎಂದು ಬರೆಯಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಪ್ರಬಂಧ ದೀಪಾವಳಿಗೆ ಮೊದಲೇ ಮುಗಿಯಿತು. ರಟ್ಟು ಹಾಕಿಸಿದ ಪ್ರತಿಯನ್ನು ಅವರ ಕೈಗಿತ್ತೆ. ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು. ನಾನು ಉಸಿರು ಹಿಡಿದು ನಿಂತಿದ್ದೆ. ವಿಶ್ವವಿದ್ಯಾನಿಲಯದ ಪರೀಕ್ಷಕರ ಮುಂದೆಯೂ ಅಷ್ಟು ಹೆದರಲಿಲ್ಲ.

"ಹೂಂ. ಒಣಗೈತೆ" ಎಂದರು. ಕೊಬ್ಬರಿಯ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಪ್ರಬಂಧವನ್ನು ಈಚೆಗೆ ಮತ್ತೆ ಓದಿದಾಗ ಅವರು ಹೊಗಳಿರಲಿಲ್ಲ, ಬರೀ ನಿಜ ಹೇಳಿದ್ದರೆಂದೂ ಅನ್ನಿಸಿತು.

ಕೆಲಸ ಕಾಯಂ ಆಗಿ ನಾನು ಚಿಕ್ಕನಾಯಕನಹಳ್ಳಿಗೇ ಮನೆ ಬದಲಾಯಿಸಿದೆ. ಗಂಗಮ್ಮನವರು ಹೋದ ಸುದ್ದಿ ಬಂದದ್ದು ಕೆಲವು ವರ್ಷಗಳ ಮೇಲೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದ ನೆಂಟರು ಅಂಗಳದಲ್ಲಿ ಕೂತಿದ್ದರು. ಹೊತ್ತು ಮುಳುಗುತ್ತಿತ್ತು. ಯಾರೋ ನಡುಮನೆಯಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹಿತ್ತಲ ಬಾಗಿಲು ಹಾರು ಹೊಡೆದಿತ್ತು.

ನಂಬಿಕೆಗಳ ಮೇಲೆ ಡಾಕ್ಟರೇಟ್ ಪಡೆದವನು ಅವುಗಳನ್ನು ನಂಬಬೇಕೆಂದೇನಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಹೋಗಿ ಬಾಗಿಲು ಮುಚ್ಚಿ ಅಗುಳಿ ಹಾಕಿದೆ. ನಡುಮನೆಯಲ್ಲಿ ದೀಪ ಹೊತ್ತಿದ ಮೇಲೆ ಮುಂಬಾಗಿಲಿನಿಂದ ಜಗಲಿಗೆ ಬಂದು, "ಬಂದೆ ಅಮ್ಮ" ಎಂದೆ. ಗಟ್ಟಿಯಾಗಿ ಹೇಳಿದೆನೋ ಮನಸ್ಸಿನಲ್ಲೋ, ಈಗ ಹೇಳಲಾರೆ. ಆ ದಿನದ ಡೈರಿ ಖಾಲಿ. ಉತ್ತರಕ್ಕೆ ಕಾಯುತ್ತ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆನೆಂಬುದು ಮಾತ್ರ ನಿಜ.