ಹಿತ್ತಲ ಬಾಗಿಲಿನ ಥಂಡಿ

ನೋಡಲು ಪಿಸ್ತೂಲಿನ ಹಾಗಿತ್ತು. ಗುಂಡಿ ಒತ್ತಿದರೆ ಗೋಡೆಯ ಮೇಲೆ ಬೆಳಕಿನದೊಂದು ಬೊಟ್ಟು ಬೀಳುತ್ತಿತ್ತು. ಜಾಗ ಬೆಚ್ಚಗಿದ್ದರೆ ಕೆಂಪು, ತಣ್ಣಗಿದ್ದರೆ ನೀಲಿ. ಥರ್ಮಲ್ ಡಿಟೆಕ್ಟರ್ ಎಂದು ಅದರ ಹೆಸರಂತೆ. ಚೊಚ್ಚಲ ಹೆರಿಗೆಗೆಂದು ದಾಂಡೇಲಿಗೆ ಬಂದ ಮಗಳು ಬ್ಯಾಗು ತೆರೆದಾಗ, ಒಳಗಿಂದ ಕೂಸಿನ ಕುಲಾವಿ ಬರಬಹುದೆಂದು ನಾನು ಕಾಯುತ್ತಿದ್ದರೆ ಬಂದದ್ದು ಇದು. ಎಲೆಕ್ಟ್ರಿಕಲ್ ಇಂಜಿನಿಯರ್ ಬಸುರಿಯ ಬಯಕೆಗಳೇ ಬೇರೆ!

"ಥಂಡಿಯೊಳಗ ಹುಟ್ಟೋ ಕೂಸು ಅವ್ವಾ. ಗಾಳಿ ಎಲ್ಲೆಲ್ಲಿಂದ ನುಗ್ತೈತಿ ಅಂತ ಮೊದಲ ಗೊತ್ತಾಗಬೇಕು" ಎಂದು ಅವಳು ಮನೆ ಜಾಲಾಡತೊಡಗಿದಳು. ಮುಂದೆ ಹೊಟ್ಟೆ, ಹೊಟ್ಟೆಯ ಮುಂದೆ ಡಿಟೆಕ್ಟರ್, ಇವೆರಡರ ಹಿಂದೆ ನಾನು. ಕಿಟಕಿಯ ಚೌಕಟ್ಟು, ಹಂಚಿನ ಅಂಚು, ಸ್ವಿಚ್ ಬೋರ್ಡಿನ ಸಂದು... ನೀಲಿ ಬಿದ್ದಲ್ಲೆಲ್ಲ ಫೋಮಿನ ಪಟ್ಟಿ ಅಂಟಿಸಿದಳು. ಕೊನೆಗೆ ಹಿತ್ತಲ ಬಾಗಿಲಿಗೆ ಬಂದಳು. ಅಲ್ಲಿ ಮೇಲಿನಿಂದ ಕೆಳಗಿನವರೆಗೂ ಬೊಟ್ಟು ಕೆಂಪಾಗಲೇ ಇಲ್ಲ.

"ಅವ್ವಾ, ಖರೇ ಕಳ್ಳ ಇಲ್ಲಿದ್ದಾನ ನೋಡು. ಹೆಂಗೂ ಈ ಬಾಗ್ಲಾ ಯಾರೂ ತೆಗ್ಯಾಂಗಿಲ್ಲ. ಒಂದು ಪ್ಲೈವುಡ್ ಹಚ್ಚಿ ಕಾಯಂ ಮುಚ್ಚಿಬಿಡೂಣು."

"ತಡಿ, ಚಾ ಕುಡಿದು ನೋಡೂಣು" ಎಂದು ನಾನು ಅಡುಗೆಮನೆಗೆ ಹೋದೆ. ಚಹಾ ಬರಿಯ ನೆಪ. ಆ ಬಾಗಿಲು ತೆರೆದರೆ ನಮಗೂ ಪಕ್ಕದ ಮನೆಗೂ ಸೇರಿದ ಒಂದೇ ಹಿತ್ತಲು, ಮತ್ತು ಅದರ ಆಚೆ ಬದಿಯಲ್ಲಿ ಒಂದು ಕಾಲಕ್ಕೆ ಖಾಲಾ ಇದ್ದರು.

ಖಾಲಾ ಎಂದರೆ ಮುಸ್ಲಿಮರಲ್ಲಿ ಚಿಕ್ಕಮ್ಮ. ನನಗೆ ಅವರು ಸಂಬಂಧದಲ್ಲಿ ಏನೂ ಅಲ್ಲ. ಅವರ ಗಂಡನದು ಹಳಿಯಾಳ ರಸ್ತೆಯಲ್ಲಿ ಗ್ಯಾರೇಜು, ನನ್ನ ಗಂಡನಿಗೆ ಪೇಪರ್ ಮಿಲ್ಲಿನಲ್ಲಿ ಕೆಲಸ. ಧಾರವಾಡದ ಕಡೆಯಿಂದ ಹೊಸದಾಗಿ ಬಂದ ನನಗೆ ಇಲ್ಲಿ ನೊಣ ಕೂಡ ಪರಿಚಯವಿರಲಿಲ್ಲ. ಖಾಲಾ ಪರಿಚಯಕ್ಕೆಲ್ಲ ಕಾಯುವವರಲ್ಲ. ದುಂಡು ಮೈ, ಓಣಿಯ ತುದಿಗೆ ಕೇಳುವ ದನಿ. ನಾನು ತಲೆ ಬಾಚಿಕೊಳ್ಳುತ್ತಿದ್ದರೆ ಹಿಂದಿನಿಂದ ಬಂದು ಹಣಿಗೆ ಕಸಿದುಕೊಂಡು, "ಹಿಂಗ ಜಗ್ಗಿದ್ರ ಕೂದಲಾ ಉಳಿತಾವೇನು ಬೇಟಿ?" ಎಂದು ಬೈದು, ನನಗಿಂತ ಜೋರಾಗಿ ಜಗ್ಗುತ್ತಿದ್ದರು.

ಅಕ್ಕನೂ ನಾನೂ ಒಟ್ಟೊಟ್ಟಿಗೇ ಬಸುರಿಯರಾಗಿದ್ದೆವು. ನಮ್ಮವ್ವ ಅಕ್ಕನ ಬಾಣಂತನಕ್ಕೆ ಕೂತಿದ್ದಳು. ಅದನ್ನು ಮುಗಿಸಿ ನನ್ನನ್ನು ತವರಿಗೆ ಕರೆದೊಯ್ಯುವ ಲೆಕ್ಕ ಅವಳದು. ನನ್ನ ಮಗಳು ಅಲ್ಲಿಯವರೆಗೆ ಕಾಯಲಿಲ್ಲ. ದಿನ ತುಂಬುವ ಮೊದಲೇ, ಡಿಸೆಂಬರ್ ಚಳಿಯಲ್ಲಿ ಹುಟ್ಟಿಬಿಟ್ಟಳು. ಎತ್ತಿಕೊಂಡರೆ ಕೈಯಲ್ಲಿ ಏನಾದರೂ ಇದೆಯೇ ಎಂದು ನೋಡಿಕೊಳ್ಳಬೇಕು, ಅಷ್ಟು ಸಣ್ಣ ಕೂಸು. ಬೆಚ್ಚಗಿಟ್ಟರೆ ಉಳಿಯುತ್ತದೆ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ನಾನು ಹೆದರಿ ಹೈರಾಣಾಗಿದ್ದೆ. ನಮ್ಮ ಮನೆಯ ಗೋಡೆಗಳಲ್ಲಿ ಇಟ್ಟಿಗೆಗಿಂತ ಸಂದುಗಳೇ ಹೆಚ್ಚಾಗಿದ್ದವು. ಕಾಳಿ ನದಿಯ ಕಡೆಯ ಗಾಳಿ ಹೇಳದೆ ಕೇಳದೆ ಒಳಗೆ ಬರುತ್ತಿತ್ತು.

ಖಾಲಾ ಕೆಂಡದ ಮೇಲೆ ಲೋಬಾನ ಉದುರಿಸಿಕೊಂಡು ಬಂದರು. ಬೆಳ್ಳನೆಯ ಹೊಗೆಯನ್ನು ಗೋಡೆಯುದ್ದಕ್ಕೂ ಹಿಡಿಯುತ್ತ ಹೋದರು. ಹೊಗೆ ನೆಟ್ಟಗೆ ಏರಿದರೆ ಚಿಂತೆಯಿಲ್ಲ, ಬಾಗಿತೋ ಅಲ್ಲಿ ತೂತು. "ನೋಡಿಲ್ಲೆ, ಹೊಗಿ ಬಾಗಾಕತ್ತೈತಿ. ತಾ ಇಲ್ಲೆ ಕಾಗದಾ!" ಮಿಲ್ಲಿನ ಊರಲ್ಲಿ ರದ್ದಿ ಕಾಗದಕ್ಕೇನು ಬರ? ಮೈದಾ ಹಿಟ್ಟಿನ ಅಂಟು ಕುದಿಸಿ, ಪದರದ ಮೇಲೆ ಪದರ ಹಚ್ಚಿದರು. ಮೇಲಿನ ಬೆಳಕಿಂಡಿಯನ್ನೂ ಬಿಡಲಿಲ್ಲ. ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ ತುಂಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇನ್ನ ಗಾಳಿ ಬರಬೇಕಂದ್ರ ನನ್ನ ಕೇಳಿ ಬರಬೇಕು."

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮರುದಿನ ಮಧ್ಯಾಹ್ನ ನನ್ನ ತಲೆ ಸಿಡಿಯತೊಡಗಿತು. ಕೂಸು ಮೊಲೆಗೆ ಬಾಯಿ ಹಾಕಲಿಲ್ಲ, ಕೈಕಾಲು ಆಡಿಸಲಿಲ್ಲ. ಹಸಿ ಬಾಣಂತಿಯ ನಿಶ್ಶಕ್ತಿ ಎಂದುಕೊಂಡು ನಾನು ಕಣ್ಣು ಮುಚ್ಚಿ ಬಿದ್ದಿದ್ದೆ. ಗಂಜಿ ಹಿಡಿದು ಬಂದ ಖಾಲಾ ಕೋಣೆಯೊಳಗೆ ಕಾಲಿಟ್ಟವರೇ ನಿಂತರು.

"ಯಾ ಅಲ್ಲಾ! ಇಲ್ಲೆ ಉಸಿರಾಡಾಕ ಗಾಳಿನ ಇಲ್ಲ!"

ಗಂಜಿಯ ಬಟ್ಟಲು ಎಲ್ಲಿ ಬಿತ್ತೋ... ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದರು. ಗೋಡೆ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಬಿಸಿಲಲ್ಲಿ ಕೂಸಿನ ಅಂಗಾಲು ತಿಕ್ಕಿದರು, ಬೆನ್ನು ಸವರಿದರು, ಅವರ ದೇವರನ್ನೂ ನಮ್ಮ ದೇವರನ್ನೂ ಕರೆದರು. ಎಷ್ಟೋ ಹೊತ್ತಿಗೆ ಅದು ಬಾಯಿ ತೆರೆದು ಅತ್ತಿತು. ಅಷ್ಟು ಚೆಂದದ ಅಳುವನ್ನು ನಾನು ಮತ್ತೆ ಕೇಳಿಲ್ಲ. ಅದರ ಹಿಂದೆಯೇ ಖಾಲಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂಸಿಗಿಂತ ಜೋರಾಗಿ ಅಳತೊಡಗಿದರು. "ನಾನ ಮುಚ್ಚಿದೆ ಬೇಟಿ. ನನ್ನ ಕೈಯಾರೆ ಮುಚ್ಚಿದೆ." ಹಡೆದವಳು ನಾನು, ಸಮಾಧಾನ ಮಾಡಿದವಳೂ ನಾನೇ.

ಅಗ್ಗಿಷ್ಟಿಗೆ ಹೊರಗೆ ಹೋಯಿತು. ಬೆಳಕಿಂಡಿಯ ಕಾಗದವನ್ನು ಅವರೇ ಪರಪರನೆ ಹರಿದರು. ಆದರೆ ಚಳಿ ಎಲ್ಲಿಗೂ ಹೋಗಲಿಲ್ಲ, ಡಾಕ್ಟರ ಮಾತೂ ಹಾಗೇ ಇತ್ತು. ಆಗ ಖಾಲಾ ಹಳೆಯ ಮೆತ್ತನೆಯ ಓಢಣಿಯಿಂದ ಕೂಸನ್ನು ತಮ್ಮ ಎದೆಗೇ ಕಟ್ಟಿಕೊಂಡುಬಿಟ್ಟರು. ಆ ಚಳಿಗಾಲ ಕಳೆಯುವವರೆಗೆ ನನ್ನ ಮಗಳು ಹಗಲೆಲ್ಲ ಇದ್ದದ್ದು ಅಲ್ಲಿ. ಅವರು ರೊಟ್ಟಿ ಬಡಿಯುವಾಗ ಅಲ್ಲಿ, ಅಕ್ಕಿ ಆರಿಸುವಾಗ ಅಲ್ಲಿ. ಹಾಲಿನ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ನನ್ನ ಬಳಿ, ಹೊಟ್ಟೆ ತುಂಬಿದ ಮೇಲೆ ಮತ್ತೆ ಅದೇ ಬಾಗಿಲಿನಿಂದ ಅವರ ಬಳಿ. ಅದಕ್ಕೆ ಅಗುಳಿ ಹಾಕುವುದನ್ನೇ ಬಿಟ್ಟೆವು. "ಈ ವಯಸ್ಸಿನ್ಯಾಗ ನಿನಗ ಯಾವಾಗ ಕೂಸಾತು?" ಎಂದು ಅವರ ಗಂಡ ಚಾಷ್ಟಿ ಮಾಡಿದರೆ, "ನೀವು ಗ್ಯಾರೇಜಿಗೆ ಹೋದಾಗ ಆತು" ಎನ್ನುತ್ತಿದ್ದರು. ಕೂಸಿನ ಕೆನ್ನೆ ತುಂಬುತ್ತ ಬಂತು. ನನ್ನ ಮಗಳು ಉಳಿದದ್ದು ಖಾಲಾರ ಮೈಯ ಬಿಸುಪಿನಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಗಂಡ ತೀರಿಹೋದ ಮೇಲೆ ಖಾಲಾ ಮುಂಡಗೋಡದಲ್ಲಿದ್ದ ಮಗನ ಮನೆಗೆ ಹೋದರು. ಒಮ್ಮೆ ನೋಡಿಬಂದೆ. ಮೈ ಇಳಿದಿತ್ತು, ದನಿ ಮಾತ್ರ ಹಾಗೇ ಇತ್ತು. ಮತ್ತೆ ಹೋಗಬೇಕು ಅನ್ನುತ್ತಿರುವಾಗಲೇ... ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಅವರ ಮನೆ ಈಗ ಹೋಂಸ್ಟೇ. ಹಿತ್ತಲಲ್ಲಿ ರಾಫ್ಟಿಂಗ್ ಮಾಡಿ ಬಂದವರ ಒದ್ದೆ ಜಾಕೀಟುಗಳು ಒಣಗುತ್ತವೆ.

ಚಹಾ ಆರಿತ್ತು. ಈ ಕತೆಯನ್ನು ಮಗಳು ಚಿಕ್ಕವಳಿದ್ದಾಗಿನಿಂದ ಕೇಳಿದ್ದಾಳೆ. ಅಡುಗೆಮನೆಗೆ ಬಂದು ನನ್ನ ಮುಖ ನೋಡಿದ್ದೇ ಅವಳಿಗೆ ತಿಳಿದುಹೋಯಿತು. "ಬ್ಯಾಡ ಬಿಡವಾ. ಆ ಬಾಗ್ಲಾ ಹಂಗ ಇರಲಿ. ನಾ ಪಡದಾ ಹಾಕ್ತೇನಿ."

"ಹುಚ್ಚಿ! ಕೂಸಿಗೆ ಥಂಡಿ ಬಡದರ ಖಾಲಾ ನನ್ನ ಸುಮ್ಮನ ಬಿಡ್ತಿದ್ರೇನು? ಹಚ್ಚು. ಬೆಳಕಿಂಡಿ ಒಂದು ಮುಚ್ಚಬ್ಯಾಡ."

ಬಡಿಗ ಬಂದ. ಅವನು ಸ್ಕ್ರೂ ತಿರುಗಿಸುವಾಗ ಪ್ಲೈವುಡ್ ಅಲುಗದಂತೆ ನಾನೇ ಎರಡೂ ಕೈಗಳಿಂದ ಒತ್ತಿ ಹಿಡಿದೆ. ಕೊನೆಯ ಸ್ಕ್ರೂ ಕೂತ ಮೇಲೆ, "ಆತು, ಬಿಡ್ರಿ ಅಕ್ಕಾರ" ಎಂದ. ಮತ್ತೊಮ್ಮೆ ಹೇಳಿದ. ಖಾಲಾ ಹೋಗಿ ವರ್ಷಗಳೇ ಆಗಿವೆ. ಅವರು ಇನ್ನು ಬರುವುದಿಲ್ಲ ಎಂದು ನಾನು ಒಪ್ಪಿಕೊಂಡದ್ದು ಮಾತ್ರ ಆ ಹಲಗೆಯಿಂದ ಕೈ ತೆಗೆದಾಗ.