ಕತ್ತರಿ ಕಪ್ಪೆಗಾಗಿ ಎಂಟು ಮಳೆಗಾಲ

ಹದಿನೇಳನೇ ಬಕೆಟ್ಟಿನಲ್ಲಿ ಹಾವಿದೆ. ನಾನು ಆರು ಹೆಜ್ಜೆ ಹಿಂದಿದ್ದೇನೆ. ಏಳನೆಯ ಹೆಜ್ಜೆಯನ್ನೂ ಹಿಂದಕ್ಕೇ ಇಡುವ ಯೋಚನೆಯಲ್ಲಿದ್ದೇನೆ.

ಬೆಳಗಿನ ಐದೂಮುಕ್ಕಾಲು. ಕಾಡಿನ ನೆಲಕ್ಕೆ ಬೆಳಕು ಇನ್ನೂ ಇಳಿದಿಲ್ಲ. ಅಂಚಿನವರೆಗೂ ಮಣ್ಣಲ್ಲಿ ಹೂತಿಟ್ಟ ಬಕೆಟ್ಟಿನ ಮುಂದೆ ಮಂಡಿಯೂರಿ, ಹಣೆಗೆ ಕಟ್ಟಿದ ಟಾರ್ಚನ್ನು ಸರಿಮಾಡಿಕೊಂಡು, ಐವತ್ತಮೂರು ವರ್ಷದ ಹೆಂಗಸೊಬ್ಬರು ಒಳಗೆ ಇಣುಕುತ್ತಾರೆ. ಒಳಗಿನಿಂದ ಬುಸ್ಸೆನ್ನುವ ಸದ್ದು.

“ಏನಪ್ಪಾ, ನಿನ್ನೆನೂ ನೀನೇ, ಇವತ್ತೂ ನೀನೇ! ಬಾಡಿಗೆಗೆ ಹಿಡಿದಿದ್ದೀಯಾ ಇದನ್ನ?” ಎಂದು ಅವರು ಹಾವನ್ನೇ ದಬಾಯಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, “ಬನ್ನಿ ಪೇಪರ್‌ನೋರೇ, ಹತ್ರ ಬನ್ನಿ. ಇದಕ್ಕೆ ವಿಷ ಇಲ್ಲ, ಬಾಯಿ ಮಾತ್ರ ಜೋರು. ನಮ್ಮತ್ತೆ ಥರ” ಎನ್ನುತ್ತಾರೆ.

ಬಾಗಿದ ತುದಿಯ ಕೋಲಿನಿಂದ ಹಾವನ್ನು ಮೆಲ್ಲಗೆ ಎತ್ತಿ ಬಟ್ಟೆಚೀಲದೊಳಗೆ ಇಳಿಸುತ್ತಾರೆ. ಚೀಲದ ಬಾಯಿ ತಿರುಚಿ ಗಂಟು ಹಾಕಿ, ಕೊಕ್ಕೆತಕ್ಕಡಿಗೆ ತೂಗುಹಾಕಿ, ತೂಕ ಬರೆದುಕೊಂಡು, ಹತ್ತು ಹೆಜ್ಜೆ ಆಚೆ ಬಿಟ್ಟುಬರುತ್ತಾರೆ. ಎಲ್ಲಾ ಸೇರಿ ನಾಲ್ಕು ನಿಮಿಷ. ಅಷ್ಟರಲ್ಲಿ ನಾನು ಆ ಏಳನೆಯ ಹೆಜ್ಜೆಯನ್ನೂ ಹಿಂದಕ್ಕೆ ಇಟ್ಟಾಗಿದೆ. “ಊರಲ್ಲೆಲ್ಲ ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತಾರೆ. ನಮ್ಮ ಕೆಲಸದಲ್ಲಿ ಎರಡಕ್ಕೂ ಏನೂ ಆಗಬಾರದು” ಎಂದು ನಗುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಕಪ್ಪೆಯಕ್ಕ ಎಂದು. ಕಾಡಿನಂಚಿನ ಸಂಶೋಧನಾ ಕೇಂದ್ರದಲ್ಲಿ ಹಾವು, ಕಪ್ಪೆಗಳ ಎಣಿಕೆ ಇವರ ಕೆಲಸ. ಇಲ್ಲಿಂದ ಹೊರಟ ಪ್ರಬಂಧಗಳನ್ನು ದೊಡ್ಡ ದೊಡ್ಡವರು ದೂರದೂರದಲ್ಲಿ ಓದುತ್ತಾರಂತೆ. ಅವುಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ “ಸ್ಥಳೀಯ ಸಹಾಯಕರಿಗೆ ಕೃತಜ್ಞತೆಗಳು” ಎಂದಿರುತ್ತದೆ. ಆ ಸ್ಥಳೀಯ ಸಹಾಯಕರು ಎಂದರೆ ಈ ಒಬ್ಬ ಹೆಂಗಸು.

ಕೆಳಗಿನ ಹಳ್ಳದ ದಡದಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಬೇಲಿ. ಬೇಲಿಯುದ್ದಕ್ಕೂ ನಲವತ್ತೆಂಟು ಬಕೆಟ್ಟು. ರಾತ್ರಿ ಓಡಾಡುವ ಜೀವಿಗಳು ಬೇಲಿಗೆ ತಾಗಿ, ಅದರ ಗುಂಟ ಸಾಗಿ, ಬಕೆಟ್ಟಿಗೆ ಬೀಳುತ್ತವೆ. ಕಪ್ಪೆಯ ಚರ್ಮ ಒಣಗದಿರಲಿ ಎಂದು ಒಳಗೊಂದು ಒದ್ದೆ ಸ್ಪಂಜು, ಇಲಿ ಬಿದ್ದರೆ ಹತ್ತಿ ಹೋಗಲಿ ಎಂದು ಒಂದು ಕಡ್ಡಿ. “ಬಿಸಿಲು ಬೀಳೋದ್ರೊಳಗೆ ಎಲ್ಲಾ ತೆಗೆದುಬಿಡಬೇಕು. ನಾನು ಹಾಸಿಗೇಲಿ ಮಗ್ಗುಲು ಬದಲಾಯಿಸ್ತಾ ಕೂತ್ರೆ ಅವುಗಳ ಪ್ರಾಣ ಹೋಗುತ್ತೆ” ಎನ್ನುತ್ತಾರೆ ಕಪ್ಪೆಯಕ್ಕ. ಮಳೆಗಾಲದಲ್ಲಿ ದಿನಕ್ಕೆ ಒಂಬತ್ತು ಕಿಲೋಮೀಟರು ನಡಿಗೆ, ಎಪ್ಪತ್ತರಿಂದ ನೂರು ಕಪ್ಪೆ, ಒಂದೆರಡು ಹಾವು, ಲೆಕ್ಕವಿಲ್ಲದಷ್ಟು ಜಿಗಣೆ.

ಒಂದೊಂದು ಕಪ್ಪೆಯನ್ನೂ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತೂಗುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಎಂಬ ಮಾತನ್ನು ನೆನಪಿಸಿದೆ. “ಆ ಗಾದೆ ಮಾಡಿದೋರು ಒಂದು ಚೀಲ ತರಬಹುದಿತ್ತು, ಅಲ್ವಾ?” ಎಂದರು ಅವರು, ಕತ್ತೆತ್ತದೆ.

ಹತ್ತೊಂಬತ್ತು ವರ್ಷದ ಹಿಂದೆ ಇವರು ಕೇಂದ್ರಕ್ಕೆ ಬಂದದ್ದು ನೆಲ ಒರೆಸುವ ಕೆಲಸಕ್ಕೆ. ಈಗ ಕೇಂದ್ರದ ಮುಖ್ಯಸ್ಥೆಯಾಗಿರುವ ವಿಜ್ಞಾನಿ ಆಗಿನ್ನೂ ವಿದ್ಯಾರ್ಥಿನಿ. ಅವರು ಕಪ್ಪೆಯ ಕೂಗಿನ ರೆಕಾರ್ಡನ್ನು ಮತ್ತೆ ಮತ್ತೆ ಹಾಕಿ ಕೇಳುತ್ತ ಕೂತಿದ್ದರಂತೆ. ನೆಲ ಒರೆಸುತ್ತಿದ್ದವರು ಬಟ್ಟೆ ಹಿಂಡುತ್ತಲೇ, “ಅಮ್ಮಾ, ಅದು ಒಂದಲ್ಲ, ಎರಡು. ಒಬ್ಬ ಮುಗಿಸೋದ್ರೊಳಗೆ ಇನ್ನೊಬ್ಬ ಬಾಯಿ ಹಾಕ್ತಾನೆ” ಎಂದರು. ಎರಡು ತಿಂಗಳು ಹುಡುಕಿದ ಮೇಲೆ ನಿಜಕ್ಕೂ ಎರಡು ಜಾತಿ ಸಿಕ್ಕಿತು. “ಮರುದಿನವೇ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡು ಟಾರ್ಚು ಕೊಟ್ಟೆ” ಎನ್ನುತ್ತಾರೆ ವಿಜ್ಞಾನಿ. ಕಪ್ಪೆಯಕ್ಕ ಇವರನ್ನು ಡಾಕ್ಟರಮ್ಮ ಎನ್ನುತ್ತಾರೆ. ಡಾಕ್ಟರೇಟ್ ಬಂದ ವಾರವೇ ಅವರ ಹತ್ತಿರ ಮಂಡಿನೋವಿಗೆ ಮಾತ್ರೆ ಕೇಳಿದ್ದರಂತೆ.

ಇಂದು ಮೂವತ್ತೊಂದು ಬಗೆಯ ಕಪ್ಪೆಗಳನ್ನು ಕಪ್ಪೆಯಕ್ಕ ಬರೀ ಕಿವಿಯಿಂದ ಗುರುತಿಸುತ್ತಾರೆ. ಒಂದೊಂದಕ್ಕೂ ಇವರದೇ ಹೆಸರು: ಗೊರಕೆ ಕಪ್ಪೆ, ಬಾಗಿಲು ಕಪ್ಪೆ, ಕೆಮ್ಮಿನ ತಾತ. ಇವೆಲ್ಲದರಲ್ಲಿ ಅಚ್ಚುಮೆಚ್ಚಿನದು ಕತ್ತರಿ ಕಪ್ಪೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಹಿಂಗಾಲಿನ ಮೇಲೆ ಕಿತ್ತಳೆ ಗೆರೆ. ಕೂಗಿದರೆ ಕತ್ತರಿಯಲ್ಲಿ ದಪ್ಪ ಬಟ್ಟೆ ಕತ್ತರಿಸಿದ ಹಾಗೆ, ಕಚಕ್ ಕಚಕ್.

ಆ ಸದ್ದು ಇವರ ಮನೆಯಲ್ಲಿ ದಿನವಿಡೀ ಕೇಳುತ್ತದೆ. ಗಂಡ ಟೈಲರು. ಎರಡು ಕೋಣೆಯ ಮನೆ, ಮುಂದಿನ ಕೋಣೆಯ ಕಿಟಕಿಗೆ ಆತುಕೊಂಡು ಹೊಲಿಗೆ ಮೆಷಿನ್ನು, ಗೋಡೆಗೆ ಹತ್ತಿಬಟ್ಟೆಯ ಚೀಲಗಳ ಕಟ್ಟು. ಕೇಂದ್ರದ ಹಾವಿನ ಚೀಲಗಳೆಲ್ಲ ಅವರ ಕೈಯದೇ. ಹೊಲಿಗೆಯ ಅಂಚು ಹೊರಕ್ಕೆ ಬರುವಂತೆ ಹೊಲಿಯುತ್ತಾರೆ; ಒಳಗೆ ದಾರ ಬಿಟ್ಟರೆ ಹಾವಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ನಾಜೂಕು ಬಲ್ಲ ಮನುಷ್ಯನಿಗೆ ಹಾವೆಂದರೆ ಪ್ರಾಣಭಯ. “ನೆಲದ ಮೇಲೆ ಟೇಪು ಬಿದ್ದಿದ್ರೂ ಕುರ್ಚಿ ಹತ್ತುತಾರೆ” ಎಂದು ಹೆಂಡತಿ ಕಿಚಾಯಿಸುತ್ತಾರೆ. “ಇವಳನ್ನ ಕಟ್ಟಿಕೊಂಡಿದ್ದೀನಲ್ಲ, ಇದಕ್ಕಿಂತ ಧೈರ್ಯ ಬೇಕಾ?” ಎಂದು ಗಂಡ ಮೆಷಿನ್ನು ತುಳಿಯುತ್ತಾರೆ.

ಕತ್ತರಿ ಕಪ್ಪೆಯನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ನಾನು ಕೇಳಿದೆ. ನಗು ಅಲ್ಲಿಗೆ ನಿಂತಿತು.

ಕತ್ತರಿ ಕಪ್ಪೆ ಇದ್ದದ್ದು ಮೇಲಿನ ಹಳ್ಳದಲ್ಲಿ; ಇನ್ನು ಕೆಲವು ಗುಡ್ಡದಾಚೆ. ಒಂಬತ್ತು ವರ್ಷದ ಹಿಂದೆ ಕೆಳಗಿನ ಹಳ್ಳದ ಕಪ್ಪೆಗಳ ಚರ್ಮಕ್ಕೆ ಶಿಲೀಂಧ್ರದ ರೋಗ ತಗುಲಿತ್ತು. ಈ ರೋಗ ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ಹರಡುತ್ತದೆ. ಆದ್ದರಿಂದ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಬೂಟು ತಿಕ್ಕಿ ತೊಳೆಯಬೇಕೆಂಬ ನಿಯಮ ಬಂತು. ಒಂದು ದಿನ ಆ ನೀರಿನ ಬಾಟಲಿ ಖಾಲಿಯಾಗಿತ್ತು, ಮಳೆ ಕವಿದಿತ್ತು. “ತೊಳೆದೆ. ಕೆಸರು ಒಂದು ಚೂರೂ ಇಲ್ಲದ ಹಾಗೆ ತೊಳೆದೆ. ಆದ್ರೆ ಎಲ್ಲಿ? ಮೇಲಿನ ಹಳ್ಳದ ನೀರಲ್ಲೇ! ಶುದ್ಧ ಅಂದ್ರೆ ಶುದ್ಧ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!” ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಮುಂದಿನ ಮಳೆಗಾಲಕ್ಕೆ ಮೇಲಿನ ಹಳ್ಳ ಮೂಕವಾಗಿತ್ತು. ಕಪ್ಪೆ ತಿಂದು ಬದುಕುವ ಹಾವುಗಳೂ ಬಡಕಲಾಗಿ, ಆಮೇಲೆ ಕಾಣೆಯಾದವು. ಬೂಟಿನ ವಿಷಯವನ್ನು ಕಪ್ಪೆಯಕ್ಕ ತಾವಾಗಿಯೇ ಹೋಗಿ ಹೇಳಿದರು. ರೋಗ ಹಂದಿಯ ಗೊರಸಿನಲ್ಲೂ ಬಂದಿರಬಹುದು, ಹಕ್ಕಿಯ ಕಾಲಲ್ಲೂ ಬಂದಿರಬಹುದು, ಯಾರೂ ಖಚಿತವಾಗಿ ಹೇಳಲಾರರು ಎಂದು ಡಾಕ್ಟರಮ್ಮ ಎಷ್ಟೋ ಸಲ ಸಮಾಧಾನ ಮಾಡಿದ್ದಾರೆ. “ಇರಬಹುದು. ಆದ್ರೆ ಕಾಲು ತೊಳಕೋ ಅಂತ ಹಂದಿಗೆ ಯಾರೂ ಹೇಳಿರಲಿಲ್ಲ. ನಂಗೆ ಹೇಳಿದ್ರು” ಎನ್ನುತ್ತಾರೆ ಇವರು.

ಅಂದಿನಿಂದ ಕೆಳಗಿನ ಬಕೆಟ್ಟು ಮುಗಿಸಿ ಮೇಲಿನ ಹಳ್ಳಕ್ಕೆ ಹತ್ತುವುದನ್ನು, ರಜೆಯ ದಿನವೂ ಸೇರಿ, ಒಂದು ದಿನವೂ ಬಿಟ್ಟಿಲ್ಲ. ಎಣಿಕೆಯ ಪುಸ್ತಕದಲ್ಲಿ ಕತ್ತರಿ ಕಪ್ಪೆಯ ಸಾಲಿನಲ್ಲಿ ಎಂಟು ಮಳೆಗಾಲ ಬರೀ ಸೊನ್ನೆ. ಈ ಸಲ ಕೇಂದ್ರ ಆ ಹಳ್ಳವನ್ನೇ ಎಣಿಕೆಯಿಂದ ಕೈಬಿಡಲು ಯೋಚಿಸಿತು. ಇರುವವರು ನಾಲ್ಕೇ ಜನ, ಕಪ್ಪೆಯಿರುವ ಕಡೆ ಎಣಿಸೋಣ ಎಂಬ ಮಾತಿನಲ್ಲಿ ತಪ್ಪೇನಿಲ್ಲ. ಕಪ್ಪೆಯಕ್ಕ ಒಂದು ಮಳೆಗಾಲದ ಗಡುವು ಕೇಳಿ ಪಡೆದರು. ಆ ಗಡುವು ಮುಗಿಯಲು ನಾನು ಹೋದಾಗ ನಾಲ್ಕು ದಿನ ಉಳಿದಿತ್ತು.

ಆದರೆ ಹಿಂದಿನ ವಾರ ಒಂದು ಸಂಗತಿ ನಡೆದಿತ್ತು. ಮೇಲಿನ ಹಳ್ಳದ ಪೊದೆಯಲ್ಲಿ ಬಳ್ಳಿಯಷ್ಟು ಸಪೂರದ ಹಾವೊಂದು ಸಿಕ್ಕಿತು, ನಡುವಿನಲ್ಲಿ ಗಂಟು. “ಉಂಡ ಹಾವು ಯಾವುದು, ಉಪವಾಸದ್ದು ಯಾವುದು ಅಂತ ನಂಗೆ ಗೊತ್ತಾಗಲ್ವಾ? ಎದೆ ಧಸಕ್ ಅಂತು” ಎನ್ನುತ್ತಾರೆ. ತೂಕ ಮಾಡುವಷ್ಟರಲ್ಲಿ ಹಾವು ಗಾಬರಿಯಿಂದ ತಿಂದದ್ದನ್ನು ಚೀಲದಲ್ಲೇ ಕಕ್ಕಿತ್ತು. ಅರೆಬೆಂದಂತಾಗಿದ್ದ ಪುಟ್ಟ ಕಪ್ಪೆ, ಹಿಂಗಾಲಿನಲ್ಲಿ ಕಿತ್ತಳೆ ಗೆರೆ. ಟೈಲರ ಮನೆಯ ಚೀಲದೊಳಗೆ ಕತ್ತರಿ ಕಪ್ಪೆ! ಆದರೆ ಹಾವಿನ ಹೊಟ್ಟೆಯದನ್ನು ಎಣಿಕೆಗೆ ಸೇರಿಸುವಂತಿಲ್ಲ. ಹಾವು ಅದನ್ನು ಗುಡ್ಡದಾಚೆ ನುಂಗಿ ಬಂದಿರಬಹುದು. ಈ ಹಳ್ಳದಲ್ಲೇ ಜೀವಂತ ಕಪ್ಪೆ ಕಾಣಬೇಕು, ಇಲ್ಲವೇ ಕೂಗು ಕೇಳಬೇಕು.

ಏಳು ಗಂಟೆಗೆ ನಾವು ಮೇಲಿನ ಹಳ್ಳದ ಹಾದಿ ಹಿಡಿಯುತ್ತೇವೆ. ಅರ್ಧದಾರಿಯಲ್ಲಿ ನನ್ನ ಬೂಟು ಬಿಚ್ಚಿಸಿ, ಬ್ಲೀಚಿಂಗ್ ನೀರು ಹಾಕಿ ಬ್ರಶ್ಶಿನಿಂದ ತಾವೇ ತಿಕ್ಕಿ, ಅಡಿಯ ಗೀರುಗಳನ್ನು ಕಡ್ಡಿಯಿಂದ ಕೆದಕಿ, ಎರಡು ಸಲ ತಿರುಗಿಸಿ ನೋಡಿದ ಮೇಲೆಯೇ ಹೆಜ್ಜೆಯಿಡಲು ಬಿಡುತ್ತಾರೆ. ನನಗೆ ಸಂಕೋಚ. ಅವರಿಗೆ ಅದ್ಯಾವುದೂ ಇಲ್ಲ.

ಹಳ್ಳದ ಪಕ್ಕದ ಬಂಡೆಯ ಮೇಲೆ ಕೂರುತ್ತೇವೆ. ಜಿಟಿಜಿಟಿ ಮಳೆ. ಮುಕ್ಕಾಲು ಗಂಟೆ ಕಳೆದರೂ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ನನ್ನ ಕಾಲು ಜೋಮು ಹಿಡಿದಿದೆ, ಕಾಲರಿನೊಳಗೆ ಜಿಗಣೆಯೋ ಬೆವರೋ ತಿಳಿಯದು. ಇವರು ಮಾತ್ರ ಕಣ್ಣು ಮುಚ್ಚಿ ಮೈಯೆಲ್ಲ ಕಿವಿಯಾಗಿ ಕೂತಿದ್ದಾರೆ. ಇದ್ದಕ್ಕಿದ್ದಂತೆ ಅವರ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯುತ್ತದೆ.

“ನಿಮಗೂ ಕೇಳಿಸ್ತಾ?” ಪಿಸುಮಾತು. “ನಂಗೆ ಕೇಳಿಸಿದ್ದು ಬರೀ ಆಸೆಗೋ ಏನೋ.”

ಕಚಕ್. ಕಚಕ್ ಕಚಕ್.

“ಕೇಳಿಸ್ತು ಅಕ್ಕಾ” ಎಂದೆ.

ಆಚೆ ದಡದಿಂದ ಇನ್ನೊಂದು ಉತ್ತರ ಕೊಡುತ್ತದೆ. ಅವರು ಎದ್ದು, ಹೊಸ ಕೈಗವಸು ಹಾಕಿಕೊಂಡು, ನೀರಿಗಿಳಿದು, ಒಂದೊಂದೇ ಎಲೆ ಎತ್ತಿ ನೋಡುತ್ತಾರೆ. ಎರಡು ಕಪ್ಪೆ ಕಣ್ಣಿಗೇ ಸಿಗುತ್ತವೆ. ಮೂರನೆಯದು ಮೇಲಿನ ಪೊದೆಯಿಂದ ಬರೀ ಕೂಗು. ಹತ್ತಿಕಡ್ಡಿಯಿಂದ ಚರ್ಮ ಸವರಿ ರೋಗದ ಪರೀಕ್ಷೆಗೆ ಎತ್ತಿಟ್ಟುಕೊಂಡು, ಕಪ್ಪೆಯನ್ನು ಅದರ ಎಲೆಯ ಮೇಲೆಯೇ ಬಿಡುತ್ತಾರೆ. ಫೋಟೋಗೆ ಒಂದು ನಿಮಿಷ ಹಿಡಿದುಕೊಳ್ಳಿ ಎಂದೆ. “ಸುಮ್ನಿರಿ, ಅದಕ್ಕೆ ಸುಸ್ತಾಗಿದೆ” ಎಂದು ಗದರಿದರು. ಪುಸ್ತಕ ತೆಗೆದು ಪೆನ್ಸಿಲಿನಿಂದ ಮೂರು ಎಂದು ಬರೆದರು. ಆಮೇಲೆ ಬಂಡೆಯ ಮೇಲೆ ಕುಸಿದು ಕೂತು, ಮುಚ್ಚುಮರೆಯಿಲ್ಲದೆ ಅತ್ತರು. “ಎಲ್ಲಿ ಹಾಳಾಗಿ ಹೋಗಿದ್ರೋ! ಎಂಟು ವರ್ಷ ನನ್ನ ಹೊಟ್ಟೆ ಉರಿಸಿದ್ರಲ್ರೋ!”

ಈ ಲೇಖನ ಅಚ್ಚಿಗೆ ಹೋಗುವ ಮುನ್ನ ಡಾಕ್ಟರಮ್ಮನ ಫೋನ್ ಬಂತು. ಕಪ್ಪೆಗಳ ಚರ್ಮದಲ್ಲಿ ರೋಗ ಇನ್ನೂ ಇದೆಯಂತೆ, ಆದರೆ ತೀರಾ ಕಡಿಮೆ. “ರೋಗದ ಜೊತೆಗೇ ಬದುಕೋದನ್ನ ಕಲಿತಿರೋ ಹಾಗಿದೆ. ಹೇಗೆ ಅಂತ ನಮಗಿನ್ನೂ ಗೊತ್ತಿಲ್ಲ. ಅದಕ್ಕೇ ಮೇಲಿನ ಹಳ್ಳವನ್ನ ಬಿಡೋ ಪ್ರಶ್ನೆಯೇ ಇಲ್ಲ. ಈ ಸಲ ಪ್ರಬಂಧದಲ್ಲಿ ಅಕ್ಕನ ಹೆಸರು ಕೊನೇಲಲ್ಲ, ಮೇಲೆ, ನಮ್ಮ ಹೆಸರುಗಳ ಜೊತೆಗೇ ಬರುತ್ತೆ” ಎಂದರು. ಆಮೇಲೆ ಫೋನನ್ನು ಪಕ್ಕದಲ್ಲಿದ್ದ ಕಪ್ಪೆಯಕ್ಕನ ಕೈಗೆ ಕೊಟ್ಟರು.

ಬೂಟಿನ ವಿಷಯ ಬೇಡವೆಂದರೆ ಬಿಟ್ಟುಬಿಡುತ್ತೇನೆ ಎಂದೆ.

“ಅಯ್ಯೋ, ಅದನ್ನ ಬಿಟ್ಟು ಇನ್ನೇನು ಬರೀತೀರಿ? ಅದು ಇರಲಿ. ಓದಿದೋರಾದ್ರೂ ತೊಳಕೊಂಡು ಬರಲಿ.”

ಹಾಗಾದರೆ ನಿಮಗೆ ಇನ್ನೇನು ಬೇಕು ಅಕ್ಕಾ ಎಂದು ಕೇಳಿದೆ.

“ನಂಗೇನು ಬೇಕು? ಮೊದಲೆಲ್ಲ ಆ ಹಳ್ಳದಲ್ಲಿ ಕೂತ್ರೆ ಮೂವತ್ತು, ನಲವತ್ತು ಅನ್ನೋದ್ರೊಳಗೆ ಎಲ್ಲಾ ಒಟ್ಟಿಗೆ ಕಿರುಚಿ ನನ್ನ ಲೆಕ್ಕ ತಪ್ಪಿಸಿಬಿಡ್ತಿದ್ವು. ಡಾಕ್ಟರಮ್ಮ ಬೈತಿದ್ರು. ಸಾಯೋದ್ರೊಳಗೆ ಇನ್ನೊಂದು ಸಲ ಅಲ್ಲಿ ನನ್ನ ಲೆಕ್ಕ ತಪ್ಪಬೇಕು ನೋಡಿ. ಅಷ್ಟಾದ್ರೆ ಸಾಕು.”