ಕೈರುಚಿ ನೋಡುವ ಇಂಟರ್ವ್ಯೂ

ಗೆಳೆಯರೇ, ಇವತ್ತು ವಸಂತನರಸಾಪುರದ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕೆ ನನ್ನ ಇಂಟರ್ವ್ಯೂ ಇತ್ತು. "ಮೊದ್ಲು ಕೈರುಚಿ ನೋಡ್ಬೇಕಮ್ಮ" ಎಂದರು ಮ್ಯಾನೇಜರ್. ಇಡೀ ಶಿಫ್ಟಿಗೆ ಮುದ್ದೆ, ಬಸ್ಸಾರು ಮಾಡಿ ಬಡಿಸಲು ನಿಂತೆ.

ತಟ್ಟೆ ಹಿಡಿದು ಬಂದ ಕಾರ್ಮಿಕರೊಬ್ಬರು, "ನಿನ್ನೆ ಇಂಟರ್ವ್ಯೂಗೆ ಬಂದಿದ್ದೋರ ಮುದ್ದೆ ಗಂಟಾಗಿತ್ತು ಕಣಕ್ಕ. ನಿಮ್ದು ಚೆನ್ನಾಗೈತೆ. ನಾಳೆ ಯಾರ್ ಬರ್ತಾರೋ!" ಎಂದರು.

ನನ್ನ ಸೌಟು ಅಲ್ಲೇ ನಿಂತಿತು. ಊಟಕ್ಕೆ ಕುಳಿತಿದ್ದ ಮ್ಯಾನೇಜರನ್ನು ಎಲ್ಲರೆದುರೇ ಕೇಳಿದೆ: "ದಿನಾ ಒಬ್ಬೊಬ್ಬರನ್ನ ಕರೆದು ಅಡುಗೆ ಮಾಡಿಸ್ತಿದೀರಾ ಸಾರ್? ಕೆಲ್ಸ ಕೊಡ್ತೀರೋ ಇಲ್ವೋ, ಈಗ್ಲೇ ಹೇಳಿ."

ಅವರು ತಲೆ ಎತ್ತಲಿಲ್ಲ. "ಫೋನ್ ಮಾಡ್ತೀವಮ್ಮ. ಬಡಿಸಿ, ಎಲ್ರೂ ಹಸ್ದವ್ರೆ."

ಹಸಿದವರ ಮುಂದೆ ಸೌಟು ಎಸೆದು ಬರಲಾದೀತೇ? ಹಲ್ಲು ಕಚ್ಚಿ ಎಲ್ಲರಿಗೂ ಬಡಿಸಿದೆ.

ಕೊನೆಗೆ ಮ್ಯಾನೇಜರ್ ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದರು. ಪಾತ್ರೆಯ ಮುಚ್ಚಳ ಹಾಕಿ, "ಫೋನ್ ಮಾಡ್ತೀನಿ ಸಾರ್" ಎಂದು ಹೇಳಿ ಬಂದೆ.